ಬಾಗಲೂರಿನಲ್ಲಿ ಹತ್ತು ಗಜ

"ನಿಮಗೆ ಅಮೆರಿಕನ್ ಫುಟ್‌ಬಾಲ್ ಬರುತ್ತಾ ನಂದಕುಮಾರ್?" ಎಂದು ಪ್ರಿನ್ಸಿಪಾಲರು ಕೇಳಿದಾಗ "ಬರುತ್ತೆ ಸರ್" ಎಂದುಬಿಟ್ಟೆ. ನನ್ನ ಜೀವನದ ಕಷ್ಟಗಳಲ್ಲಿ ಮುಕ್ಕಾಲು ಪಾಲು ಈ ಎರಡು ಪದಗಳಿಂದಲೇ ಬಂದಿವೆ. ಮದುವೆಗೆ ಮುಂಚೆ ನಮ್ಮ ಮಾವನವರು "ಅಡುಗೆ ಗಿಡುಗೆ ಬರುತ್ತೇನಪ್ಪಾ?" ಎಂದು ತಮಾಷೆಗೆ ಕೇಳಿದಾಗಲೂ ಇದನ್ನೇ ಹೇಳಿದ್ದೆ. ನನ್ನ ಹೆಂಡತಿ ಕಲಾವತಿ ಅದನ್ನು ಇವತ್ತಿಗೂ ಮರೆತಿಲ್ಲ.

ನಾನು ಕಬಡ್ಡಿಯವನು. ಮಂಡಿ ಕೈಕೊಟ್ಟ ಮೇಲೆ ಯಲಹಂಕ ದಾಟಿ ಬಾಗಲೂರು ರಸ್ತೆಯಲ್ಲಿರುವ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಸೇರಿದೆ. ಎಂಟು ವರ್ಷದಿಂದ ತಾತ್ಕಾಲಿಕವಾಗಿಯೇ ಇದ್ದೆ. ಹೋದ ವರ್ಷ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಅಮೆರಿಕದ ಯಾವುದೋ ವಿಶ್ವವಿದ್ಯಾಲಯಕ್ಕೆ ಹೋಗಿ, ಕೈಕುಲುಕಿ, ಒಪ್ಪಂದಕ್ಕೆ ಸಹಿ ಹಾಕಿ, ನಲವತ್ತು ಹೆಲ್ಮೆಟ್ಟುಗಳನ್ನು ಉಡುಗೊರೆಯಾಗಿ ಪಡೆದು ಬಂದರು. ಹೆಲ್ಮೆಟ್ ಬಂದ ಮೇಲೆ ತಲೆಗಳು ಬೇಕು, ತಲೆಗಳು ಸೇರಿದ ಮೇಲೆ ತಂಡ ಬೇಕು, ತಂಡಕ್ಕೊಬ್ಬ ಗುರು ಬೇಕು. ಹೀಗೆ ಅದು ನನ್ನ ತನಕ ಬಂತು. "ಈ ಸೀಸನ್ ಐದೂ ಪಂದ್ಯ ಆಡಿ ಮುಗಿಸಿದ್ರೆ ನಿಮ್ಮನ್ನ ಖಾಯಂ ಮಾಡ್ತೀವಿ. ಮಧ್ಯದಲ್ಲಿ ನಿಂತ್ರೆ ಹೆಲ್ಮೆಟ್ ವಾಪಸ್ ಕಳಿಸ್ತೀವಿ, ನೀವೂ ನಿಮ್ಮ ದಾರಿ ನೋಡ್ಕೊಳ್ಳಿ" ಎಂದರು ಪ್ರಿನ್ಸಿಪಾಲರು. ಗೆಲ್ಲಬೇಕೆಂದು ಅವರು ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಮೊದಲ ದಿನವೇ ನನ್ನ ಬಣ್ಣ ಬಯಲಾಯಿತು. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಆ ಮೊಟ್ಟೆಯಾಕಾರದ ಚೆಂಡನ್ನು ನೆಲಕ್ಕಿಟ್ಟು, "ಒದೀರಿ" ಎಂದು ಆಜ್ಞೆ ಮಾಡಿದೆ. ಬಿ.ಕಾಂ. ಎರಡನೇ ವರ್ಷದ ನಯನಾ ಎಂಬ ಹುಡುಗಿ ಪಕ್ಕಕ್ಕೆ ಬಂದು, "ಸರ್, ಇದನ್ನ ಜಾಸ್ತಿ ಕೈಯಲ್ಲೇ ಎಸೀತಾರೆ, ಹಿಡ್ಕೊಂಡು ಓಡ್ತಾರೆ" ಎಂದು ಮೆಲ್ಲಗೆ ಹೇಳಿದಳು. ಅವಳು ರಾತ್ರಿಯೆಲ್ಲ ಕೂತು ಆ ಆಟದ ನಿಯಮಗಳನ್ನು ಓದಿ ಅರಗಿಸಿಕೊಂಡಿದ್ದಳು. ಅವತ್ತೇ ಅವಳನ್ನು ತಂಡದ ಮ್ಯಾನೇಜರ್ ಮಾಡಿದೆ. ಅಲ್ಲಿಂದ ಮುಂದೆ ಅವಳು ಪಿಸುಗುಟ್ಟುವುದು, ನಾನು ಕಿರುಚುವುದು. ಯಾರ ಮುಂದೆಯೂ ಅವಳು ನನ್ನನ್ನು ಬಿಟ್ಟುಕೊಡಲಿಲ್ಲ.

ಅವಳಿಂದ ನಾನು ಕಲಿತದ್ದು ಇಷ್ಟು. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ನುಗ್ಗುತ್ತ ನುಗ್ಗುತ್ತ ಕೊನೆಯ ಗೆರೆ ದಾಟಿದರೆ ಆರು ಪಾಯಿಂಟು. ಹತ್ತು ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಎರಡು ಕೋಲಿಗೆ ಕಟ್ಟಿದ ಹತ್ತು ಗಜದ ಸರಪಳಿ ತಂದು ಅಳೆಯುತ್ತಾರೆ. ಮೊದಲ ಮೂರು ಪಂದ್ಯಗಳನ್ನು ಪರಸ್ಥಳದಲ್ಲಿ ಆಡಿ ನಲವತ್ತೆಂಟು ಸೊನ್ನೆ, ಮೂವತ್ತಾರು ಸೊನ್ನೆ, ನಲವತ್ತೊಂದು ಸೊನ್ನೆ ಎಂದು ಸೋತೆವು. ಈ ಮೂರರಲ್ಲೂ ನಮಗಾಗಿ ಒಮ್ಮೆಯೂ ಸರಪಳಿ ತರುವ ಪ್ರಮೇಯ ಬರಲಿಲ್ಲ. ಅನುಮಾನಕ್ಕೆ ಆಸ್ಪದವೇ ಕೊಡದಂತೆ ಆಡಿದ್ದೆವು.

ಉಳಿದ ಎರಡು ಪಂದ್ಯ ನಮ್ಮ ಮೈದಾನದಲ್ಲಿ. ಆದರೆ ನಮಗೆ ಮೈದಾನವಿರಲಿಲ್ಲ. ಇದ್ದ ಜಾಗದಲ್ಲಿ ಕಾಲೇಜಿನವರು ಬಸ್ಸು ನಿಲ್ಲಿಸುತ್ತಿದ್ದರು. ಆಗ ಕೈಹಿಡಿದವನು ನಮ್ಮ ತಂಡದ ನಾಗೇಶ. ನೂರಹತ್ತು ಕೆ.ಜಿ. ತೂಗುವ, ಮಾತಿಗೆ ಮುಂಚೆ ನಾಚಿಕೊಳ್ಳುವ ಹುಡುಗ. ಬಾಗಲೂರಿನ ಅಂಚಿನಲ್ಲಿ ಅವನ ತಾತ ಮುನಿಕೃಷ್ಣಪ್ಪನವರದ್ದು ಎರಡೆಕರೆ ಖಾಲಿ ಹೊಲವಿತ್ತು. ಮೊದಲು ದ್ರಾಕ್ಷಿ ತೋಟವಾಗಿದ್ದದ್ದು. ಬಳ್ಳಿ ಕಿತ್ತು ಹಾಕಿ ಹನ್ನೊಂದು ವರ್ಷವಾಗಿತ್ತು. ನಾವು ಹೋಗಿ ಕೇಳಿದಾಗ ಮುನಿಕೃಷ್ಣಪ್ಪನವರು ಎಲೆ ಅಡಿಕೆ ಜಗಿಯುತ್ತ, "ಉಡುಗ್ರು ಆಡ್ಕಳ್ಲಿ ಬುಡಿ ಮೇಷ್ಟ್ರೇ. ನೆಲ ಏನ್ ಸವ್ದೋಯ್ತದಾ?" ಎಂದರು. ಅಷ್ಟೇ. ನಾನು ಅಲ್ಲೇ ಕಾಲಿಗೆ ಬೀಳಲು ಹೋದೆ, ಮಂಡಿ ಬಾಗಲಿಲ್ಲ.

ಹೊಲ ಮಟ್ಟ ಮಾಡಿಸಿ ಸುಣ್ಣದ ಗೆರೆ ಎಳೆದೆವು. ಐದೈದು ಗಜಕ್ಕೊಂದು ಅಡ್ಡಗೆರೆ, ಹತ್ತು ಗಜಕ್ಕೊಂದು ದೊಡ್ಡ ಅಂಕಿ. ಎರಡು ತುದಿಗೂ ಕಬ್ಬಿಣದ ಪೈಪಿನ ಎತ್ತರದ ಗೋಲು ಕಂಬ. ಸುತ್ತಲೂ ಕಾಲೇಜಿನ ಬಣ್ಣಬಣ್ಣದ ಬಾವುಟ. ನಿಂತು ನೋಡಿದರೆ ಕಣ್ಣಿಗೆ ಹಬ್ಬ. ಬೆಂಗಳೂರಿನ ಉತ್ತರಕ್ಕೆ ಖಾಲಿ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಅಂಕಿ ಬರೆದು, ಎದುರಿಗೆ ಕಮಾನಿನಂಥ ಕಂಬ ನಿಲ್ಲಿಸಿ, ಬಾವುಟ ಕಟ್ಟಿದರೆ ಏನರ್ಥವೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ನಾನು ಹುಟ್ಟಿ ಬೆಳೆದದ್ದು ಯಶವಂತಪುರದ ವಠಾರದಲ್ಲಿ. ನಮ್ಮ ಮನೆತನಕ್ಕಿದ್ದ ಭೂಮಿಯೆಂದರೆ ತುಳಸಿ ಕಟ್ಟೆಯೊಳಗಿನ ಮಣ್ಣು ಮಾತ್ರ.

ಮರುದಿನವೇ ಸುನೀಲ್ ಎಂಬ ಸೈಟ್ ಬ್ರೋಕರು ತಣಿಸಂದ್ರದ ಗಂಡಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಪಂದ್ಯ ನೋಡಲು ಜಾಗ ಕಾಯ್ದಿರಿಸಲು ಬಂದಿದ್ದಾರೆಂದು ನಾನು ಹಿಗ್ಗಿಹೋದೆ.

"ಸಾರ್, ಮೂಲೇದು ಇದ್ಯಾ?" ಎಂದ ಸುನೀಲ್.

"ಮೂಲೇಲಿ ಏನೂ ಕಾಣ್ಸಲ್ಲ. ಮಧ್ಯದಲ್ಲಿ ತಗೊಳ್ಳಿ, ಚೆನ್ನಾಗಿರುತ್ತೆ."

"ಪೂರ್ವಕ್ಕೆ ಮುಖ ಇರ್ಬೇಕು" ಎಂದರು ಆ ಹೆಂಗಸು.

"ಬೇಡ ಅಮ್ಮ, ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಪಶ್ಚಿಮಾನೇ ಒಳ್ಳೇದು."

"ನೀರಿನ ವ್ಯವಸ್ಥೆ?"

"ಟ್ಯಾಂಕರ್ ಹೇಳಿದೀವಿ."

ಗಂಡ ಗಂಟಲು ಸರಿಮಾಡಿಕೊಂಡು ಕೇಳಿದ: "ರೇಟು ಹೆಂಗೆ?"

"ಅಯ್ಯೋ, ದುಡ್ಡೆಲ್ಲ ಏನೂ ಇಲ್ಲ. ಶನಿವಾರ ಹತ್ತು ಗಂಟೆಗೆ ಬಂದು ಎಲ್ಲಿ ಬೇಕೋ ಅಲ್ಲಿ ಹಿಡ್ಕೊಳ್ಳಿ. ನೆಂಟರಿಷ್ಟರನ್ನೂ ಕರ್ಕೊಂಡ್ ಬನ್ನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರು ಹತ್ತಿ ಹೋದರು. ಸಂಜೆಯ ಹೊತ್ತಿಗೆ ಬಾಗಲೂರಿನ ಹೋಟೆಲುಗಳಲ್ಲಿ ಮುನಿಕೃಷ್ಣಪ್ಪನವರು ಶನಿವಾರ ಸೈಟು ಹಂಚುತ್ತಾರೆಂದೂ, ಮೊದಲು ಬಂದವರಿಗೆ ಮೊದಲ ಆದ್ಯತೆಯೆಂದೂ ಸುದ್ದಿಯಾಗಿತ್ತು.

ಬುಧವಾರ ಕಂದಾಯ ಇಲಾಖೆಯ ರಾಮಕೃಷ್ಣಪ್ಪನವರು ಸ್ಕೂಟರಿನಲ್ಲಿ ಬಂದರು. ಕಂಕುಳಲ್ಲಿ ಫೈಲು, ಕಿವಿಯಲ್ಲಿ ಪೆನ್ನು. ಗೆರೆಗಳ ಉದ್ದಕ್ಕೂ ಒಮ್ಮೆ ನಡೆದು, "ಇದ್ಯಾವ ಅಳತೆ ರೀ?" ಎಂದು ಗದರಿದರು. ಕೇಳಿದವರು ಸರ್ಕಾರದವರು, ಕೇಳಿಸಿಕೊಂಡವನು ತಜ್ಞ. ನಾನು ಎದೆಯುಬ್ಬಿಸಿ ಹೇಳಿದೆ: "ಅಮೆರಿಕನ್ ಅಳತೆ ಸರ್. ಒಟ್ಟು ನೂರ ಇಪ್ಪತ್ತು ಗಜ. ಎರಡು ತುದಿಗೂ ಹತ್ತತ್ತು ಗಜ ಬಿಟ್ಟಿದೀವಿ."

"ಪಾರ್ಕಿಗಾ?"

"ಅಲ್ಲ ಸರ್. ಅದ್ರೊಳಗೆ ನುಗ್ಗಿದ್ರೆ ಆರು ಪಾಯಿಂಟು."

ಅವರು ಅದನ್ನು ಬರೆದುಕೊಂಡರು. "ಯಾರು ನುಗ್ಗೋದು?"

"ಯಾರು ಬೇಕಾದ್ರೂ ನುಗ್ಬೋದು. ಆದ್ರೆ ಎದುರು ಪಾರ್ಟಿಯವರು ಬಿಡಲ್ಲ. ಹನ್ನೊಂದು ಜನ ಮೇಲೆ ಬಿದ್ದು ಕೆಡವ್ತಾರೆ."

ರಾಮಕೃಷ್ಣಪ್ಪನವರ ಪೆನ್ನು ನಿಂತಿತು. "ವ್ಯಾಜ್ಯ ಐತೆ ಅನ್ರಿ."

"ಪ್ರತಿ ಶನಿವಾರ ಸರ್" ಎಂದೆ ಹೆಮ್ಮೆಯಿಂದ. ಅವರು ಫೈಲಿನಲ್ಲಿ ಏನನ್ನೋ ಬರೆದು, ಅಡಿಗೆರೆ ಎಳೆದು, ಸ್ಕೂಟರನ್ನು ತಳ್ಳಿಕೊಂಡೇ ರಸ್ತೆಯ ತನಕ ಹೋಗಿ ಅಲ್ಲಿ ಹತ್ತಿದರು.

ಗುರುವಾರ ಬೆಳಿಗ್ಗೆ ಕಾಲೇಜಿಗೆ ಗಂಗರತ್ನಮ್ಮನವರು ಬಂದರು. ಇವರು ಮುನಿಕೃಷ್ಣಪ್ಪನವರ ತಂಗಿ, ಅಟ್ಟೂರಿಗೆ ಕೊಟ್ಟ ಹೆಣ್ಣುಮಗಳು. ಅರವತ್ತೈದರ ಮೇಲಿನ ವಯಸ್ಸು, ಪಕ್ಕದ ಕ್ಯಾಂಟೀನಿನ ತನಕ ಕೇಳುವ ದನಿ. ಅಣ್ಣತಂಗಿಗೆ ಮಾತು ಬಿಟ್ಟು ಹನ್ನೊಂದು ವರ್ಷ ಎಂದು ನಾಗೇಶ ನನ್ನ ಕಿವಿಯಲ್ಲಿ ಹೇಳಿ, ಕಂಬದ ಹಿಂದೆ ನಿಂತುಕೊಂಡ. ಆ ಕಂಬ ಅವನನ್ನು ಮರೆಮಾಡುವಷ್ಟು ದಪ್ಪವಿರಲಿಲ್ಲ.

"ನೀವೇನಾ ಮೇಷ್ಟ್ರು? ನಮ್ಮಪ್ಪ ಆಕಿದ್ ದ್ರಾಕ್ಷಿ ಬಳ್ಳಿ ಕಿತ್ತಾಗ್ಲೂ ನಮ್ಮಣ್ಣ ನಂಗೊಂದ್ ಮಾತು ಏಳ್ಲಿಲ್ಲ. ಈಗ ನೆಲಾನೂ ತುಂಡ್ ಮಾಡಿ ಅಂಚ್ತಾವ್ನೆ. ಅದಕ್ಕೂ ಏಳ್ಲಿಲ್ಲ. ನಂಗೆ ಸೈಟೂ ಬ್ಯಾಡ, ಗೀಟೂ ಬ್ಯಾಡ. ಒಂದ್ ಮಾತು ಕೇಳ್ಬಾರ್ದಾ? ಶನಿವಾರ ನೆಲ ಅಳಿಯೋದಿದ್ರೆ ನನ್ ಎಣದ್ ಮ್ಯಾಲೆ ಅಳೀಬೇಕು."

ಅವರನ್ನು ಸಮಾಧಾನ ಮಾಡುವುದೇ ನನ್ನ ಉದ್ದೇಶವಾಗಿತ್ತು. "ಅಷ್ಟು ದೂರ ಬರಲ್ಲ ಅಮ್ಮ. ನಮ್ಮ ಹುಡುಗರು ಹತ್ತು ಗಜ ಮುಂದಕ್ಕೆ ಹೋದ್ರೆ ತಾನೆ ಅಳಿಯೋದು? ಇದುವರೆಗೂ ಹೋಗಿಲ್ಲ" ಎಂದೆ.

"ಓಗಿ ನೋಡ್ಲಿ" ಎಂದು ಗಂಗರತ್ನಮ್ಮನವರು ಸೆರಗು ಸುತ್ತಿಕೊಂಡು ಹೊರಟರು.

ಆಗ ನಯನಾ ನನಗೆ ಬಿಡಿಸಿ ಹೇಳಿದಳು: ಸುನೀಲ್ ಯಾರು, ರಾಮಕೃಷ್ಣಪ್ಪ ಯಾಕೆ ಬಂದರು, ಊರಲ್ಲಿ ಏನು ಸುದ್ದಿ ಎಂದು. ಪಂದ್ಯ ಮಧ್ಯದಲ್ಲಿ ನಿಂತರೆ ಲೀಗಿನಿಂದ ತಂಡ ಹೊರಗೆ, ಹೆಲ್ಮೆಟ್ ಅಮೆರಿಕಕ್ಕೆ, ನಾನು ಬೀದಿಗೆ. ಮುನಿಕೃಷ್ಣಪ್ಪನವರ ಹತ್ತಿರ ಓಡಿದೆ. "ಒಂದು ಸಲ ತಂಗೀನ ಮಾತಾಡ್ಸಿ ಸಾಮಿ" ಎಂದು ಬೇಡಿಕೊಂಡೆ. ಅವರು ಎಲೆಗೆ ಸುಣ್ಣ ಸವರುತ್ತ, "ಅವಳ್ ಸುದ್ದಿ ಎತ್ಬ್ಯಾಡಿ. ನಾನ್ ದೊಡ್ಡೋನು. ಬೇಕಾದ್ರೆ ಅವ್ಳೇ ಬರ್ಲಿ" ಎಂದರು.

ಶನಿವಾರ ಬಂದಿತು. ನಮ್ಮ ಹಿಂದಿನ ಮೂರು ಪಂದ್ಯಗಳಿಗೆ ಸೇರಿದ್ದ ಪ್ರೇಕ್ಷಕರ ಒಟ್ಟು ಸಂಖ್ಯೆ ಹದಿನಾಲ್ಕು. ಅದರಲ್ಲಿ ನನ್ನ ಹೆಂಡತಿ ಮೂರು ಸಲ ಲೆಕ್ಕಕ್ಕೆ ಬಂದಿದ್ದಾಳೆ. ಅವತ್ತು ನಾನೂರು ಜನ. ಅರ್ಧ ಜನ ಸೈಟು ಹಿಡಿಯಲು ಬಂದವರು, ಇನ್ನರ್ಧ ಅದನ್ನು ತಡೆಯಲು ಗಂಗರತ್ನಮ್ಮನವರ ಹಿಂದೆ ನಾಲ್ಕು ಬಸ್ಸಿನಲ್ಲಿ ಬಂದ ಅಟ್ಟೂರಿನ ನೆಂಟರು. ಅವರು ಪೂರ್ವದ ಬದಿಯಲ್ಲಿ ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕೂತರು. ಮುನಿಕೃಷ್ಣಪ್ಪನವರು ಪಶ್ಚಿಮದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತಂಗಿಯಿರುವ ದಿಕ್ಕೊಂದನ್ನು ಬಿಟ್ಟು ಎಲ್ಲ ಕಡೆ ನೋಡುತ್ತ ಕೂತರು. ಪ್ರಿನ್ಸಿಪಾಲರು ನನ್ನ ಭುಜ ತಟ್ಟಿ, "ಇಷ್ಟು ಜನಾನ ಹೆಂಗ್ರೀ ಸೇರಿಸಿದ್ರಿ?" ಎಂದರು. "ಸ್ವಲ್ಪ ಪ್ರಚಾರ ಮಾಡಿದ್ವಿ ಸರ್" ಎಂದೆ. ಸುಳ್ಳೇನೂ ಅಲ್ಲ.

ರೆಫರಿಯಾಗಿ ಬಂದವರು ಆರ್.ಟಿ. ನಗರದ ಸಬೀರಾ ಮೇಡಂ. ಕಪ್ಪುಬಿಳುಪಿನ ಪಟ್ಟೆಯಂಗಿ, ಕೊರಳಲ್ಲಿ ಸೀಟಿ. ಅವರು ಮೈದಾನಕ್ಕಿಳಿಯುತ್ತಲೇ ಚಾಪೆಯ ಮೇಲಿದ್ದವರಲ್ಲಿ ಗುಸುಗುಸು ಎದ್ದಿತು. "ಸರ್ವೆಯೋರು ಬಂದವ್ರೆ. ಈಗೀಗ ಅಳತೆಗೆ ಹೆಂಗಸರನ್ನೂ ಕಳಿಸ್ತಾರೆ" ಎಂದು ಯಾರೋ ಹೇಳಿದರು.

ಹೆಬ್ಬಾಳದ ಕಡೆಯ ಕಾಲೇಜಿನವರು ಅರ್ಧ ಆಟದ ಹೊತ್ತಿಗೆ ಇಪ್ಪತ್ತೊಂದು ಪಾಯಿಂಟು ಗಳಿಸಿದ್ದರು. ನಮ್ಮದು ಎಂದಿನಂತೆ ಸೊನ್ನೆ. ಇಂಥ ಸೋಲಿಗೆ ನಾನು ಎಂದೂ ಅಷ್ಟೊಂದು ಸಂತೋಷಪಟ್ಟಿರಲಿಲ್ಲ. ಹತ್ತು ಗಜ ಹೋಗದಿದ್ದರೆ ಅಳತೆಯಿಲ್ಲ, ಅಳತೆಯಿಲ್ಲದಿದ್ದರೆ ಗಲಾಟೆಯಿಲ್ಲ, ಸೋತು ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ವಿರಾಮದಲ್ಲಿ ನಯನಾ ಹುಡುಗರನ್ನು ಸುತ್ತ ಸೇರಿಸಿಕೊಂಡು, "ಇಷ್ಟು ಜನ ನಮಗೋಸ್ಕರ ಬಂದಿದ್ದಾರೆ ಕಣ್ರೋ, ಸ್ವಲ್ಪನಾದ್ರೂ ಮಾನ ಉಳಿಸ್ರೋ" ಎಂದುಬಿಟ್ಟಳು.

ನಾಗೇಶನಿಗೆ ಆ ಮಾತು ತಾಗಿರಬೇಕು. ನಾಲ್ಕನೆಯ ಅವಕಾಶದಲ್ಲಿ ಚೆಂಡನ್ನು ಹೊಟ್ಟೆಗೊತ್ತಿಕೊಂಡು ನುಗ್ಗಿದ. ಬೆನ್ನಿಗೊಬ್ಬ, ಸೊಂಟಕ್ಕೊಬ್ಬ, ಎರಡು ಕಾಲಿಗೆ ಇಬ್ಬರು ಜೋತುಬಿದ್ದರು. ನಾಲ್ವರನ್ನೂ ಎಳೆದುಕೊಂಡು ಹೋಗಿ ದೊಪ್ಪೆಂದು ಬಿದ್ದ. ಸಬೀರಾ ಮೇಡಂ ಬಗ್ಗಿ ನೋಡಿದರು. ಅನುಮಾನ ಬಂತು. ಕೈಯೆತ್ತಿ ಸರಪಳಿ ತರಿಸಿದರು.

"ಅಳೀತಾವ್ರೆ" ಎಂದು ಪೂರ್ವದಿಂದ ಒಂದು ಕೂಗು ಬಂತು. ಇನ್ನೂರು ಜನ ಎದ್ದು ಮೈದಾನಕ್ಕೆ ನುಗ್ಗಿದರು. ಪಶ್ಚಿಮದ ಇನ್ನೂರು ಜನ ಹಂಚಿಕೆ ಶುರುವಾಯಿತೆಂದು ತಿಳಿದು ಓಡಿಬಂದು, ಒಬ್ಬೊಬ್ಬರು ಒಂದೊಂದು ಗೆರೆಯ ಮೇಲೆ ನಿಂತುಕೊಂಡರು. ತಣಿಸಂದ್ರದ ಆ ಹೆಂಗಸು ಮಧ್ಯದ ಅಂಕಿಯ ಮೇಲೆ ತಮ್ಮ ಕೈಚೀಲ ಇಟ್ಟೇಬಿಟ್ಟರು. ಗಂಗರತ್ನಮ್ಮನವರು ನೇರವಾಗಿ ಬಂದು ಚೆಂಡಿಗೂ ಸರಪಳಿಗೂ ನಡುವೆ ಚಕ್ಕಂಬಕ್ಕಳ ಹಾಕಿ ಕೂತರು.

ಸಬೀರಾ ಮೇಡಂ ಸೀಟಿ ಊದಿ, ಗಡಿಯಾರ ನೋಡಿ, ನನ್ನ ಹತ್ತಿರ ಬಂದರು. "ಹತ್ತು ನಿಮಿಷ ಕೊಡ್ತೀನಿ. ಮೈದಾನ ಖಾಲಿಯಾಗ್ಲಿಲ್ಲ ಅಂದ್ರೆ ಪಂದ್ಯ ಮುಗೀತು, ನಿಮ್ಮ ಸೀಸನ್ನೂ ಮುಗೀತು" ಎಂದರು.

ನಾನು ಗಂಗರತ್ನಮ್ಮನವರ ಮುಂದೆ ಹೋಗಿ ಕೈಮುಗಿದೆ. "ಇದು ಆಟ ಅಮ್ಮ. ಸೈಟ್ ಅಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಜ ಏಳಿ ಮೇಷ್ಟ್ರೇ. ಈ ಆಟ ನಿಮಗ್ ಬರ್ತದಾ?" ಎಂದರು.

ಎಡಕ್ಕೆ ಪ್ರಿನ್ಸಿಪಾಲರು, ಬಲಕ್ಕೆ ನನ್ನ ಹುಡುಗರು, ಸುತ್ತ ನಾನೂರು ಜನ. ನಾಲಿಗೆಯ ತುದಿಗೆ ಅದೇ ಹಳೆಯ ಉತ್ತರ ಬಂದಿತ್ತು. ಆ ಹೆಂಗಸಿನ ಕಣ್ಣು ನೋಡಿ ಹೇಳಲಾಗಲಿಲ್ಲ.

"ಬರಲ್ಲ ಅಮ್ಮ. ಈ ಹುಡುಗಿ ಹೇಳ್ಕೊಟ್ಟಿದ್ದು. ಗೆರೆ ಹಾಕೋಕೆ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತು, ಅದೂ ಗೊತ್ತಾಗ್ಲಿಲ್ಲ. ತಪ್ಪಾಯ್ತು" ಎಂದೆ.

"ತಪ್ಪಾಯ್ತು ಅನ್ಬೇಕಾದೋರು ನೀವಲ್ಲ" ಎಂದರು ಅವರು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

ಜನ ದಾರಿ ಬಿಟ್ಟರು. ಮುನಿಕೃಷ್ಣಪ್ಪನವರು ಕುರ್ಚಿ ಬಿಟ್ಟೆದ್ದು, ಪಂಚೆ ಎತ್ತಿಕಟ್ಟಿಕೊಂಡು ನಿಧಾನವಾಗಿ ನಡೆದುಬಂದರು. ತಂಗಿಯ ಮುಂದೆ ನಿಂತರು.

"ಗಂಗಾ, ಮಾರ್ತಿಲ್ಲ ಕಣಮ್ಮಿ. ಉಡುಗ್ರು ಆಡ್ಲಿ ಅಂತ ಬುಟ್ಟೆ."

"ಆಡ್ಲಿ. ನಾನೇನ್ ಬ್ಯಾಡ ಅಂತಿದ್ನಾ? ಕೇಳಿದ್ಯಾ ನನ್ನ? ಬಳ್ಳಿ ಕೀಳೋವಾಗ ಕೇಳಿದ್ಯಾ?"

"ಕಾಯಿಲೆ ಬಿದ್ದಿತ್ತು ಬಳ್ಳಿ. ನೀನ್ ನೋಡಿದ್ರೆ ಅಳ್ತೀಯ ಅಂತ ಏಳ್ಲಿಲ್ಲ."

"ಆಮೇಲೆ ಅಳ್ಲಿಲ್ವಾ?"

ಮುನಿಕೃಷ್ಣಪ್ಪನವರು ತಂಗಿಯ ಪಕ್ಕದಲ್ಲೇ ಸುಣ್ಣದ ಗೆರೆಯ ಮೇಲೆ ಕೂತುಬಿಟ್ಟರು. "ನಂದೇ ತಪ್ಪು ಕಣಮ್ಮಿ" ಎಂದರು. ಸಬೀರಾ ಮೇಡಂ ಗಡಿಯಾರದಿಂದ ಕಣ್ಣು ತೆಗೆದು ಬೇರೆ ಕಡೆ ನೋಡಿದರು. ಹತ್ತು ನಿಮಿಷ ಯಾವಾಗಲೋ ಕಳೆದಿತ್ತೆಂದು ನನ್ನ ನಂಬಿಕೆ. ಆ ತಾಯಿ ಚೆನ್ನಾಗಿರಲಿ.

ಗಂಗರತ್ನಮ್ಮನವರು ಕಣ್ಣೊರೆಸಿಕೊಂಡು, "ಇಲ್ಲಿ ಏನ್ ಅಳೀತಾರೆ ಮಗಾ?" ಎಂದು ನಯನಾಳನ್ನು ಕೇಳಿದರು.

"ಅಜ್ಜಿ, ನಾಲ್ಕು ಸಲದಲ್ಲಿ ಹತ್ತು ಗಜ ಒಳಗೆ ನುಗ್ಗಬೇಕು. ನುಗ್ಗಿದ್ರೆ ಜಾಗ ನಮ್ಮದು. ಒಂದಿಂಚು ಕಮ್ಮಿ ಆದ್ರೂ ಬಿಟ್ಟುಕೊಡ್ಬೇಕು."

"ಒತ್ತುವರಿ" ಎಂದರು ಗಂಗರತ್ನಮ್ಮನವರು. ಅವರ ಮುಖದಲ್ಲಿ ಬೆಳಕು ಮೂಡಿತು. "ಮದ್ಲೇ ಏಳ್ಬಾರ್ದಾ?"

ಮೂರು ತಿಂಗಳು ತಲೆ ಕೆರೆದುಕೊಂಡು ನನಗೆ ಅರ್ಥವಾಗದ ಆಟ ಅಟ್ಟೂರಿನ ನೆಂಟರಿಗೆಲ್ಲ ಆ ಒಂದು ಪದದಲ್ಲಿ ಅರ್ಥವಾಯಿತು. ಬದು ಜರುಗಿಸಿದವರು, ಜರುಗಿಸಿಕೊಂಡವರು, ಒಂದಡಿ ಜಾಗಕ್ಕೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವರು ಅಲ್ಲಿದ್ದರು. ಯಾರೂ ಹೇಳದೆಯೇ ಎಲ್ಲರೂ ಹಿಂದೆ ಸರಿದು ಗೆರೆಯಾಚೆ ನಿಂತರು. ಸೈಟಿಗೆ ಬಂದವರನ್ನೂ ಅವರೇ ಹೊರಗೆ ಸರಿಸಿದರು. ತಣಿಸಂದ್ರದ ಹೆಂಗಸು ಕೈಚೀಲ ಎತ್ತಿಕೊಳ್ಳಲು ಮಾತ್ರ ಸ್ವಲ್ಪ ತಡಮಾಡಿದರು.

ಸಬೀರಾ ಮೇಡಂ ಅಳೆಯಲು ಬಗ್ಗಿದಾಗ ಗಂಗರತ್ನಮ್ಮನವರು ತಡೆದರು. "ಸರಪಳಿ ಜೋಲಾಡ್ತಾ ಐತೆ ತಾಯಿ. ಎಳ್ದು ಇಡೀರಿ. ನಾಳೆ ಯಾರೂ ಒಂದ್ ಮಾತು ಆಡ್ಬಾರ್ದು." ಎಳೆದು ಹಿಡಿದರೆ ನಮಗೇ ನಷ್ಟವೆಂದು ನಯನಾ ನನ್ನ ಕಿವಿಯಲ್ಲಿ ಹೇಳಿದಳು. ಎಳೆದು ಹಿಡಿದರು. ಚೆಂಡಿನ ಮೂತಿ ಕೋಲಿಗಿಂತ ನಾಲ್ಕು ಬೆರಳು ಮುಂದಿತ್ತು.

ಬಾಗಲೂರು ಅಂಥ ಕೂಗನ್ನು ಮೊದಲು ಕೇಳಿರಲಾರದು. ಅಲ್ಲಿಂದ ಮುಂದೆ ಪೂರ್ವ ಪಶ್ಚಿಮವೆರಡೂ ಒಂದಾಗಿ ಕಿರುಚಿದವು. "ಬುಡ್ಬ್ಯಾಡ ನಾಗೇಶ, ಒಂದಿಂಚೂ ಬುಡ್ಬ್ಯಾಡ" ಎಂದು ಮುನಿಕೃಷ್ಣಪ್ಪನವರು ಕುರ್ಚಿಯ ಮೇಲೆ ಹತ್ತಿ ನಿಂತರು. ಕೊನೆಗೂ ನಾಗೇಶ ಆ ತುದಿಯ ಗೆರೆ ದಾಟಿ ಬಿದ್ದ. ಆರು ಪಾಯಿಂಟು. ಪಂದ್ಯವನ್ನು ಇಪ್ಪತ್ತೇಳು ಆರರಲ್ಲಿ ಸೋತೆವು. ಹೆಬ್ಬಾಳದ ಹುಡುಗರು ಗೆದ್ದವರು ತಾವೋ ಇವರೋ ಎಂದು ಗೊಂದಲದಲ್ಲೇ ಚಿತ್ರಾನ್ನ ತಿಂದು ಹೋದರು. ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದಾಗ ಕೆಲಸ ಹೋಯಿತೆಂದೇ ತಿಳಿದೆ. "ನಂಗೂ ಈ ಆಟ ಬರಲ್ಲ ಕಣ್ರೀ. ಅಧ್ಯಕ್ಷರಿಗೆ ಹೇಳ್ಬೇಡಿ" ಎಂದು ಪಿಸುಗುಟ್ಟಿದರು.

ಹೊರಡುವ ಮುಂಚೆ ಸಬೀರಾ ಮೇಡಂ ಒಂದು ಷರತ್ತು ಹಾಕಿದರು. ಇವತ್ತಿನ ಗಲಾಟೆಯ ಮೇಲೆ, ಮುಂದಿನ ಪಂದ್ಯ ಇಲ್ಲಿ ಆಗಬೇಕಾದರೆ ಈ ನೆಲಕ್ಕೆ ಹಕ್ಕಿರುವವರೆಲ್ಲರ ಸಹಿಯಿರುವ ಒಪ್ಪಿಗೆ ಪತ್ರ ಬೇಕು. ಒಂದೇ ಗೆರೆಯ ಮೇಲೆ ಕೂರುವುದು ಬೇರೆ, ಒಂದೇ ಕಾಗದಕ್ಕೆ ಸಹಿ ಹಾಕುವುದು ಬೇರೆ. ಹನ್ನೊಂದು ವರ್ಷದಲ್ಲಿ ಇಬ್ಬರೂ ಕೂಡಿ ಯಾವ ಕಾಗದಕ್ಕೂ ಸಹಿ ಹಾಕಿಲ್ಲವೆಂದು ನಾಗೇಶ ಹೇಳಿದ.

ಸೋಮವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಅಣ್ಣತಂಗಿ ಇಬ್ಬರೂ ನಿಂತಿದ್ದರು. ಒಂದೇ ಆಟೋದಲ್ಲಿ ಬಂದಿದ್ದರು. ನಾನು ಒದ್ದಾಡುತ್ತ ಕುರ್ಚಿಗಳನ್ನು ಎಳೆದು, ಪತ್ರವನ್ನು ಮೇಜಿನ ಮೇಲಿಟ್ಟೆ. ಮುನಿಕೃಷ್ಣಪ್ಪನವರು ಪೆನ್ನು ತೆಗೆದುಕೊಂಡರು, ಆದರೆ ಸಹಿ ಹಾಕಲಿಲ್ಲ. ತಂಗಿಯ ಕಡೆ ತಿರುಗಿದರು.

"ಆಕ್ಲಾ ಗಂಗಾ?" ಎಂದು ಕೇಳಿದರು.

ಗಂಗರತ್ನಮ್ಮನವರು ಪತ್ರ ಓದಲಿಲ್ಲ, ಏನು ಬರೆದಿದೆಯೆಂದು ನನ್ನನ್ನು ಕೇಳಲೂ ಇಲ್ಲ.

"ಆಕಣ್ಣ" ಎಂದರು.